ಹುಣಸೆಹಣ್ಣಿನ ಭರಣಿಯಲ್ಲಿ ಸಿಕ್ಕ ಸರ

ಹೋದ ವರ್ಷ ಅವರೆಕಾಯಿ ಕಾಲದ ಒಂದು ಸಂಜೆ. ಅಡುಗೆಮನೆಯ ನೆಲದ ಮೇಲೆ ಕುಳಿತು, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟುಕೊಂಡು ನಾನೂ ಅಮ್ಮನೂ ‘ಮಾಲ್ಗುಡಿ ಡೇಸ್’ನ ಹಳೆಯ ಕಂತೊಂದನ್ನು ನೋಡುತ್ತಿದ್ದೆವು. ಅಮ್ಮನ ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳನ್ನು ಹಿಡಿದು ಹಿತುಕಿದರೆ ಬೇಳೆ ಜಾರಿ ತಟ್ಟೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ಅಮ್ಮನ ಕಣ್ಣು ಪರದೆಯ ಮೇಲೆ, ಕೈ ತನ್ನ ಪಾಡಿಗೆ ತಾನು. ಕಂತು ಮುಗಿಯುವ ಹೊತ್ತಿಗೆ ಆ ಕೈ ನಿಂತಿತು.

“ಆ ಸಿದ್ದ ಆಮೇಲೆ ಎಲ್ಲಿಗೆ ಹೋದ್ನೇ?”

“ಕಥೆ ಅಲ್ಲಿಗೇ ಮುಗೀತಲ್ಲಮ್ಮ.”

“ಅವನಿಗೆ ಮುಗೀಲಿಲ್ವಲ್ಲ” ಎಂದು ಅಮ್ಮ ಮತ್ತೆ ಕಾಳಿಗೆ ಕೈ ಹಾಕಿದರು.

ಕಥೆ, ಧಾರಾವಾಹಿಗಳಲ್ಲಿ ತತ್ವ ಹುಡುಕುವುದು ಪಂಡಿತರ ಕೆಲಸ, ನಮಗೆ ಅವು ಕಾಲಕ್ಷೇಪಕ್ಕೆ ಎಂದು ಹೇಳುವವರನ್ನು ಕಂಡಾಗಲೆಲ್ಲ ನನಗೆ ಅಮ್ಮನ ಈ ಪ್ರಶ್ನೆ ನೆನಪಾಗುತ್ತದೆ. ತರ್ಕಶಾಸ್ತ್ರದ ಹೆಸರನ್ನೂ ಕೇಳದ ಅಮ್ಮ, ಒಂದು ತೀರ್ಪು ಹೊರಬಿದ್ದ ಮೇಲೆ ಅದನ್ನು ಹೊತ್ತುಕೊಂಡು ಬದುಕಬೇಕಾದವನ ಗತಿಯೇನು ಎಂದು ಕೇಳಿದ್ದರು. ಒಳ್ಳೆಯ ಕಥೆ ನಮಗೆ ಕೊಡುವುದೆಲ್ಲ ಇಷ್ಟೇ ಎಂದು ನನಗೆ ಈಚೆಗೆ ಅನಿಸತೊಡಗಿದೆ: ಇನ್ನೊಬ್ಬರ ಬಗ್ಗೆ ತೀರ್ಮಾನ ಮಾಡುವ ಮುಂಚೆ ಒಂದು ಗಳಿಗೆ ತಡೆಯುವ ಅಭ್ಯಾಸ. ಕೇಳಲು ಚಿಕ್ಕದು. ಆದರೆ ದರ್ಶನಗಳೂ ಮನಃಶಾಸ್ತ್ರವೂ ಬಹಳ ಸುತ್ತು ಬಳಸಿ ಬಂದು ನಿಲ್ಲುವುದು ಇದೇ ಜಾಗದಲ್ಲಿ.

ಹೊಗೆ, ಬೆಂಕಿ ಮತ್ತು ಸಿದ್ದ

ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ 1986ರಲ್ಲಿ ಆಗುಂಬೆಯ ಮಳೆ, ಹೆಂಚು, ಜಗಲಿಗಳ ನಡುವೆ ತಂದು ನಿಲ್ಲಿಸಿದರು. ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದರೂ ಅದನ್ನು ನಾವು ನಮ್ಮೂರಿನದೆಂದೇ ನೋಡಿದೆವು. ಹುಡುಗ ಸ್ವಾಮಿಯ ಕಂತುಗಳು ಎಲ್ಲರಿಗೂ ಬಾಯಿಪಾಠ. ನನ್ನನ್ನು ಬಿಡದೆ ಕಾಡುವುದು ಮಾತ್ರ ‘ಲೀಲಾಸ್ ಫ್ರೆಂಡ್’ ಎಂಬ ಪುಟ್ಟ ಕಥೆ.

ಶಿವಶಂಕರ್ ಎಂಬವರ ಮನೆಗೆ ಸಿದ್ದ ಕೆಲಸ ಕೇಳಿಕೊಂಡು ಬರುತ್ತಾನೆ. ಎರಡು ಹೊತ್ತು ಊಟ, ತಿಂಗಳಿಗೆ 4 ರೂಪಾಯಿ. ಬಟ್ಟೆ ಒಗೆಯಬೇಕು, ತೋಟ ನೋಡಬೇಕು, ಸೌದೆ ಸೀಳಬೇಕು, ಐದು ವರ್ಷದ ಲೀಲಾಳನ್ನು ಆಡಿಸಬೇಕು. ಅವನು ಚೆಂಡನ್ನು ಮೇಲಕ್ಕೆಸೆದು, ಕೆಳಗೆ ಬಂದದ್ದನ್ನು ಹಿಡಿದು, ಇದು ಚಂದ್ರನನ್ನು ಮುಟ್ಟಿಬಂತು ಎನ್ನುತ್ತಾನೆ. ಮಗು ನಂಬುತ್ತದೆ. ಸಂಜೆ ಲೀಲಾ ಮೇಷ್ಟ್ರಾಗುತ್ತಾಳೆ. ಸಿದ್ದ ಸ್ಲೇಟಿನ ಮೇಲೆ ಅಕ್ಷರ ತಿದ್ದಲು ಒದ್ದಾಡುತ್ತಾನೆ. ಒಂದು ದಿನ ಮಗುವಿನ ಕೊರಳಲ್ಲಿ ಚಿನ್ನದ ಸರ ಇಲ್ಲ. ಲೀಲಾಳ ಅಮ್ಮ ಮಗುವಿಗೆ ಹೊಡೆಯುತ್ತಾಳೆ, ಸಿದ್ದನನ್ನು ಕರೆಯುತ್ತಾಳೆ. ಅವನು ಕಾಣೆಯಾಗಿರುತ್ತಾನೆ. ಪೊಲೀಸರಿಗೆ ದೂರು ಹೋದಾಗ ತಿಳಿಯುತ್ತದೆ: ಹಿಂದೆ ಮಕ್ಕಳ ಮೈಮೇಲಿನ ಒಡವೆ ಕದ್ದು ಅವನು ಜೈಲು ಕಂಡವನು. ಕೆಲವು ದಿನಗಳಲ್ಲೇ ಹಿಡಿದು ತರುತ್ತಾರೆ. ನಾನು ತೆಗೆದಿಲ್ಲ ಎನ್ನುತ್ತಾನೆ ಸಿದ್ದ. ಯಾರೂ ನಂಬುವುದಿಲ್ಲ, ಲೀಲಾ ಒಬ್ಬಳನ್ನು ಬಿಟ್ಟು.

ಆಮೇಲೊಂದು ದಿನ ಲೀಲಾಳ ಅಮ್ಮ ಹುಣಸೆಹಣ್ಣಿನ ಭರಣಿಗೆ ಕೈ ಹಾಕುತ್ತಾಳೆ. ಸರ ಅಲ್ಲಿರುತ್ತದೆ. ಅದನ್ನು ಅಲ್ಲಿ ಹಾಕಿದ್ದು ಲೀಲಾಳೇ. ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ನೀತಿಕಥೆಯಾಗುತ್ತಿತ್ತು. ನಾರಾಯಣ್ ಇನ್ನೂ ಒಂದು ಹೆಜ್ಜೆ ಇಡುತ್ತಾರೆ. ಸುದ್ದಿ ಕೇಳಿದ ತಂದೆ ತಪ್ಪಾಯಿತೆಂದು ಠಾಣೆಗೆ ಓಡುವುದಿಲ್ಲ. ಏನೇ ಆದರೂ ಅಂಥ ಅಪರಾಧಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಎಂಬ ಅರ್ಥದ ಮಾತಾಡಿ ವಿಷಯ ಮುಗಿಸುತ್ತಾರೆ.

ಈ ಕಥೆಯನ್ನು ನಮ್ಮ ನ್ಯಾಯದರ್ಶನದವರ ಮುಂದೆ ಇಟ್ಟರೆ ಏನನ್ನುತ್ತಾರೆ? ತರ್ಕದ ಮೊದಲ ಪಾಠದಲ್ಲೇ ಬರುವ ಉದಾಹರಣೆ ಬೆಟ್ಟದ ಮೇಲಿನ ಹೊಗೆಯದು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಇದು ಸರಿ. ಇದನ್ನೇ ತಿರುವಿ, ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲೇಬೇಕು ಎಂದರೆ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೀಗೆ ಅಲ್ಲೂ ಇಲ್ಲೂ ಸಲ್ಲುವ, ಒಂದೇ ತೀರ್ಮಾನಕ್ಕೆ ಕಟ್ಟುಬೀಳದ ಕಾರಣವನ್ನು ‘ಸವ್ಯಭಿಚಾರ’ ಎಂದು ಕರೆದು, ಹೇತ್ವಾಭಾಸಗಳ ಸಾಲಿಗೆ, ಅಂದರೆ ಕಾರಣದಂತೆ ಕಾಣುವ ಆದರೆ ಕಾರಣವಲ್ಲದವುಗಳ ಸಾಲಿಗೆ ಅವರು ಸೇರಿಸಿದರು. ಸಿದ್ದ ಓಡಿಹೋದ, ಆದ್ದರಿಂದ ಕದ್ದ. ಓಡಿಹೋಗುವುದು ಕಳ್ಳನೂ ಮಾಡುವ ಕೆಲಸ, ಹಿಂದೊಮ್ಮೆ ಪೊಲೀಸರ ಲಾಠಿ ಕಂಡು ಹೆದರಿದವನೂ ಮಾಡುವ ಕೆಲಸ. ಶಿವಶಂಕರ್ ಕಂಡದ್ದು ಕಾದ ಗುಂಡನ್ನು. ಅವರ ಕಣ್ಣಿಗೆ ಬಿದ್ದದ್ದು ಇಲ್ಲದ ಹೊಗೆ.

ಇನ್ನು ಸರ ಸಿಕ್ಕ ಮೇಲಿನ ಆ ಕೊನೆಯ ಮಾತು. ಅದನ್ನು ಬಿಡಿಸಲು ಮನಃಶಾಸ್ತ್ರ ಬೇಕು. ಅಮೆರಿಕದ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಮಂಡಿಸಿದ ಸಿದ್ಧಾಂತವೊಂದಿದೆ. ನಾನು ಒಳ್ಳೆಯವನು ಎಂಬ ನಂಬಿಕೆ ಒಂದು ಕಡೆ, ನಾನು ಕೆಟ್ಟದ್ದು ಮಾಡಿದೆ ಎಂಬ ಸತ್ಯ ಇನ್ನೊಂದು ಕಡೆ. ಎರಡನ್ನೂ ಒಟ್ಟಿಗೆ ಹೊರುವುದು ಮನಸ್ಸಿಗೆ ಹಿಂಸೆ. ಆ ಹಿಂಸೆ ತಾಳಲಾರದೆ ಮನಸ್ಸು ತನಗೆ ಸುಲಭವಾದ ದಾರಿ ಹಿಡಿಯುತ್ತದೆ, ಹೊಸ ಸಮರ್ಥನೆ ಹುಡುಕುತ್ತದೆ. ‘ಸರ ಕದಿಯದಿದ್ದರೇನು, ಮನುಷ್ಯ ಸರಿಯಿಲ್ಲ’ ಎಂಬುದು ಅಂಥ ಸಮರ್ಥನೆ. ಸುಳ್ಳು ಹೇಳುತ್ತಿದ್ದೇನೆ ಎಂದು ಶಿವಶಂಕರ್ ಅವರಿಗೆ ಅನಿಸಿರಲಿಕ್ಕಿಲ್ಲ. ಅದೇ ಭಯ ಹುಟ್ಟಿಸುವ ಸಂಗತಿ. ಮನೆ ನಡೆಸುವ, ಮಗುವನ್ನು ಪ್ರೀತಿಸುವ ಸಜ್ಜನರೊಬ್ಬರು ಒಂದೇ ವಾಕ್ಯದಲ್ಲಿ ಒಬ್ಬನ ಬದುಕನ್ನು ಬದಿಗೆ ಸರಿಸಿಬಿಡುತ್ತಾರೆ. ನೋಡುತ್ತಿದ್ದ ನಮಗೆ ಮಾತ್ರ ಭರಣಿಯೂ ಗೊತ್ತು, ಆ ಮಾತೂ ಗೊತ್ತು. ಹಾಗಾಗಿ ಅಮ್ಮನ ಕೈ ನಿಂತಿತು.

ಅಂಚೆಯವನು ತಡೆದ ಕಾಗದ

ಇದೇ ಸರಣಿಯ ‘ದಿ ಮಿಸ್ಸಿಂಗ್ ಮೇಲ್’ ಕಥೆ ನಮ್ಮನ್ನು ಬೇರೊಂದು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಅಂಚೆಯ ತಾನಪ್ಪನಿಗೆ ತನ್ನ ಬೀದಿಯ ಎಲ್ಲರ ಮನೆಯ ಸುಖದುಃಖವೂ ಗೊತ್ತು. ರಾಮಾನುಜಂ ಅವರ ಮಗಳು ಕಾಮಾಕ್ಷಿಯ ಮದುವೆ ಬಹಳ ಕಷ್ಟಪಟ್ಟು ಕೂಡಿಬಂದಿದೆ. ಆ ಮುಹೂರ್ತ ತಪ್ಪಿದರೆ ಸಂಬಂಧವೇ ಕೈಬಿಟ್ಟುಹೋಗುವಂತಿದೆ. ಅಷ್ಟರಲ್ಲಿ ಸೇಲಂನಲ್ಲಿರುವ ಹಿರಿಯ ಬಂಧುವಿಗೆ ಕಾಯಿಲೆ ಉಲ್ಬಣಿಸಿದ ಸುದ್ದಿ, ಹಿಂದೆಯೇ ಸಾವಿನ ತಂತಿ. ತಾನಪ್ಪ ಎರಡನ್ನೂ ಮದುವೆ ಮುಗಿಯುವವರೆಗೆ ಕೊಡುವುದಿಲ್ಲ. ಆಮೇಲೆ ತಾನೇ ಬಂದು, ತಪ್ಪೊಪ್ಪಿಕೊಂಡು, ಬೇಕಿದ್ದರೆ ದೂರು ಕೊಡಿ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ.

ತಾನಪ್ಪ ಮಾಡಿದ್ದು ಸರಿಯೋ ತಪ್ಪೋ? ‘ಗೋವಿನ ಹಾಡು’ ಕೇಳುತ್ತಾ ಬೆಳೆದ ನಮಗೆ ಸತ್ಯವೆಂದರೆ ಪುಣ್ಯಕೋಟಿ. ಕೊಟ್ಟ ಮಾತಿಗಾಗಿ ಹುಲಿಯ ಮುಂದೆ ಹೋಗಿ ನಿಂತವಳು. ಅದೇ ನಮಗೆ ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಹೇಳುವ ಕೌಶಿಕನ ಕಥೆಯೂ ಉಂಟು. ಸತ್ಯವನ್ನೇ ನುಡಿಯುವ ವ್ರತದ ಆ ತಪಸ್ವಿ, ಕಳ್ಳರಿಗೆ ಹೆದರಿ ಕಾಡಲ್ಲಿ ಅಡಗಿದವರು ಎಲ್ಲಿದ್ದಾರೆಂದು ಬೆನ್ನಟ್ಟಿ ಬಂದ ಕಳ್ಳರಿಗೇ ತೋರಿಸಿಕೊಟ್ಟು, ಅವರ ಸಾವಿಗೆ ಕಾರಣನಾಗಿ ನರಕ ಕಂಡ. ತಾನಪ್ಪ ಈ ಎರಡರ ನಡುವೆ ಸೈಕಲ್ ತುಳಿಯುತ್ತಿದ್ದಾನೆ. ಅವನು ಕೌಶಿಕನ ತಪ್ಪು ಮಾಡಲಿಲ್ಲ. ಆದರೆ ಸಾಯುವವರ ಮುಖವನ್ನು ಕೊನೆಯ ಸಲ ನೋಡುವ ಹಕ್ಕನ್ನು ರಾಮಾನುಜಂ ಅವರಿಂದ ಕಿತ್ತುಕೊಂಡ. ಅವರಿಗೆ ಯಾವುದು ಒಳ್ಳೆಯದೆಂದು ತಾನೇ ನಿರ್ಧರಿಸಿದ. ಕರುಣೆಗೆ ಆ ಅಧಿಕಾರ ಉಂಟೇ?

ಮನೆಮಂದಿಯೊಂದಿಗೆ ಈ ಕಂತು ನೋಡಿ ಈ ಪ್ರಶ್ನೆ ಎತ್ತಿ ನೋಡಿ. ಅಜ್ಜನಿಗೆ ಒಂದು ಉತ್ತರ, ಮೊಮ್ಮಗಳಿಗೆ ಇನ್ನೊಂದು. ತಂದೆಯ ಕಾಯಿಲೆಯನ್ನು ಪರೀಕ್ಷೆ ಮುಗಿಯುವವರೆಗೆ ಮಗನಿಂದ ಮುಚ್ಚಿಟ್ಟ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಲ್ಲ. ಒಂದು ಕಥೆಯ ನೆಪದಲ್ಲಿ, ಯಾರನ್ನೂ ನೋಯಿಸದೆ, ಅಂಥ ಹಳೆಯ ಗಾಯಗಳ ಬಗ್ಗೆ ಮಾತಾಡಬಹುದು. ನೇರವಾಗಿ ಕೇಳಿದ್ದರೆ ಬಾಯಿ ಬಿಡದವರೂ ತಾನಪ್ಪನ ಹೆಸರಲ್ಲಿ ತಮ್ಮ ಕಥೆ ಹೇಳುತ್ತಾರೆ.

ಮನೆಗೆ ಮರಳಿದ ಕಾವೇರಿ

ಸಿದ್ದನಿಗೆ ಹಳೆಯ ಜೈಲಿನ ದಾಖಲೆ ಅಂಟಿಕೊಂಡಂತೆ ಕನ್ನಡದ ಇನ್ನೊಬ್ಬಳಿಗೆ ಹಳೆಯ ಆಸ್ಪತ್ರೆಯ ಚೀಟಿ ಅಂಟಿಕೊಂಡಿತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರವಾಗಿಸಿದ ಮೇಲೆ ಕಾವೇರಿ ಎಂದರೆ ಕಲ್ಪನಾ ಅವರ ಮುಖವೇ ಕಣ್ಣ ಮುಂದೆ ಬರುತ್ತದೆ. ಟಿ.ವಿ.ಯಲ್ಲಿ ಆ ಚಿತ್ರ ಬಂದಾಗಲೆಲ್ಲ ಚಾನೆಲ್ ಬದಲಿಸಲಾರದೆ ಕುಳಿತವರು ಎಷ್ಟೋ ಮಂದಿ.

ತ್ರಿವೇಣಿ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಅವರು, ಆ ಪುಟ್ಟ ಆಯುಷ್ಯದಲ್ಲಿ ಕನ್ನಡದ ಮಧ್ಯಮವರ್ಗದ ಮನೆಯ ಒಳಕೋಣೆಯ ಬಾಗಿಲು ತೆರೆದರು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಇದು ಕಾದಂಬರಿಗಾಗಿ ಕಟ್ಟಿದ ಕಾಯಿಲೆಯಲ್ಲ. ಇಷ್ಟು ತೀವ್ರವಾದ ಬಾಣಂತಿ ಮನೋರೋಗ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ, ಬೇಗ ಗುರುತಿಸಿ ಚಿಕಿತ್ಸೆ ಕೊಡಿಸಿದರೆ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂದು ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ಘಟಕವಿದೆ.

ಕಾವೇರಿಗೂ ವಾಸಿಯಾಗುತ್ತದೆ. ನಿಜವಾದ ಕಥೆ ಶುರುವಾಗುವುದು ಅವಳು ಮನೆಗೆ ಮರಳಿದ ಮೇಲೆ. ಗಂಡ ದೂರವಾಗಿದ್ದಾನೆ, ಅವನ ಮನಸ್ಸು ಬೇರೊಬ್ಬಳ ಕಡೆ ಹರಿದಿದೆ. ನೆರೆಹೊರೆಯ ಕಣ್ಣಲ್ಲಿ ಅವಳಿನ್ನೂ ಆಸ್ಪತ್ರೆಯಲ್ಲೇ ಇದ್ದಾಳೆ. ಅವಳು ಸಿಟ್ಟಾದರೆ ಅದು ಹೆಂಡತಿಯ ಸಿಟ್ಟಲ್ಲ, ಕಾಯಿಲೆಯ ಲಕ್ಷಣ. ನಕ್ಕರೆ ಅನುಮಾನ, ಅತ್ತರೆ ಹೆದರಿಕೆ, ಸುಮ್ಮನಿದ್ದರೆ ಪಿಸುಮಾತು. ಯಾವ ವರ್ತನೆಯಿಂದಲೂ ತಾನು ಸರಿಯಿದ್ದೇನೆಂದು ಸಾಬೀತು ಮಾಡಲಾಗದ ಬಾಣಗಳ ಪಂಜರ ಅದು. ಕೊನೆಗೆ ಅವಳು ಮತ್ತೆ ಕುಸಿದಾಗ, ಊರು ತಾನು ಹೇಳಿದ್ದೇ ನಿಜವಾಯಿತು ಎಂದುಕೊಳ್ಳುತ್ತದೆ. ಕುಸಿಯುವಂತೆ ತಳ್ಳಿದ್ದು ತಾನೇ ಎಂದು ಊರಿಗೆ ಕಾಣುವುದಿಲ್ಲ.

ತ್ರಿವೇಣಿ ತೀರಿಕೊಂಡ 1963ರಲ್ಲೇ, ಸಮಾಜ ಒಬ್ಬ ಮನುಷ್ಯನಿಗೆ ಮೆತ್ತುವ ಕಳಂಕದ ಬಗ್ಗೆ ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಮನುಷ್ಯನ ಒಂದು ಗುರುತು ಅವನ ಉಳಿದೆಲ್ಲ ಗುಣಗಳನ್ನೂ ನುಂಗಿಹಾಕುವುದನ್ನು ಅದು ಬಿಡಿಸಿ ತೋರಿಸಿತು. ಅದನ್ನು ಓದದ ಕನ್ನಡದ ಹೆಣ್ಣುಮಕ್ಕಳು ತ್ರಿವೇಣಿಯ ಮೂಲಕ ಆ ಸತ್ಯವನ್ನು ಅರಿತಿದ್ದರು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ರಟ್ಟು ಹರಿದ ಪ್ರತಿಯೊಂದು ಮಧ್ಯಾಹ್ನದ ಹೊತ್ತಿನಲ್ಲಿ ಮನೆಯಿಂದ ಮನೆಗೆ ದಾಟುತ್ತಿತ್ತು. ಅದೂ ಒಂದು ಬಗೆಯ ಮನಃಶಾಸ್ತ್ರದ ತರಗತಿ.

ಖಳನಿಗೂ ಒಂದು ಮಾತು

ಪುಸ್ತಕಕ್ಕೆ ಈ ಗೌರವ ಸಲ್ಲಲಿ, ದಿನಾ ಸಂಜೆಯ ಧಾರಾವಾಹಿಗೂ ಸಲ್ಲಬೇಕೇ ಎಂದು ನೀವು ಕೇಳಬಹುದು. ಧಾರಾವಾಹಿಯ ಶಕ್ತಿ ಬೇರೆ ಕಡೆ ಇದೆ. ಪುಸ್ತಕ ಎರಡು ದಿನದಲ್ಲಿ ಮುಗಿಯುತ್ತದೆ, ಧಾರಾವಾಹಿ ವರ್ಷಗಟ್ಟಲೆ ನಮ್ಮ ಊಟದ ಹೊತ್ತಿಗೆ ಮನೆಗೆ ಬರುತ್ತದೆ. ಪರದೆಯ ಮೇಲಿನವರು ನಮಗೆ ನೆಂಟರಂತಾಗುವ ಈ ಏಕಮುಖ ನಂಟನ್ನು ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಷ್ಟು ಹಿಂದೆಯೇ ಗುರುತಿಸಿ ಹೆಸರಿಟ್ಟಿದ್ದರು. ಅತ್ತೆಯ ಪಾತ್ರ ಮಾಡಿದ ನಟಿಯನ್ನು ಸಂತೆಯಲ್ಲಿ ಕಂಡು ಬೈಯುವವರ ಮನಸ್ಸಲ್ಲಿ ಇದೇ ನಂಟು ಕೆಲಸ ಮಾಡುತ್ತದೆ.

ಇಷ್ಟು ಹತ್ತಿರ ಬರುವ ಮಾಧ್ಯಮ ನಮಗೆ ಏನನ್ನು ರೂಢಿ ಮಾಡಿಸುತ್ತದೆ ಎಂಬುದು ದೊಡ್ಡ ಮಾತು. ಎಷ್ಟೋ ಧಾರಾವಾಹಿಗಳಲ್ಲಿ ಕೆಟ್ಟವಳು ಬಾಗಿಲಲ್ಲಿ ಕಾಣಿಸುವ ಮೊದಲೇ ಹಿನ್ನೆಲೆ ಸಂಗೀತ ಅವಳ ತೀರ್ಪು ಓದಿಬಿಡುತ್ತದೆ. ಹುಬ್ಬು, ಬೊಟ್ಟು, ಸೀರೆಯ ಬಣ್ಣ ಎಲ್ಲವೂ ಸಾಕ್ಷಿ ಹೇಳುತ್ತವೆ. ನಮಗೆ ಯೋಚಿಸಲು ಏನೂ ಉಳಿದಿರುವುದಿಲ್ಲ. ಹಾಗೆಂದು ದಾರಿಯೇ ಇಲ್ಲವೆಂದಲ್ಲ. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬಂತು. ಅದನ್ನು ನಿರ್ದೇಶಿಸಿದವರಲ್ಲಿ ಒಬ್ಬರಾದ ಟಿ.ಎನ್. ಸೀತಾರಾಂ ಆಮೇಲೆಯೂ ಸಂಜೆಯ ಧಾರಾವಾಹಿಯೊಳಗೆ ನ್ಯಾಯಾಲಯವನ್ನು ತಂದು ಕೂರಿಸಿದರು. ಅವರೇ ನಟಿಸಿದ ವಕೀಲ ಸಿ.ಎಸ್.ಪಿ. ವಾದಕ್ಕೆ ನಿಂತರೆ ಮನೆಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅಲ್ಲಿ ಎದುರು ಪಕ್ಷದವರಿಗೂ ತಮ್ಮ ಮಾತು ಪೂರ್ತಿ ಹೇಳಲು ಅವಕಾಶವಿತ್ತು. ಜನಪ್ರಿಯವಾಗಿದ್ದುಕೊಂಡೇ ವೀಕ್ಷಕರ ಬುದ್ಧಿಯನ್ನು ನಂಬಬಹುದೆಂದು ಆ ಧಾರಾವಾಹಿಗಳು ತೋರಿಸಿಕೊಟ್ಟವು.

ಎದುರಾಳಿಗೂ ಮಾತು ಬಿಟ್ಟುಕೊಡುವ ಈ ಗುಣ ನಮಗೆ ಹೊರಗಿನಿಂದ ಬಂದದ್ದಲ್ಲ. ತಾಳಮದ್ದಳೆಯನ್ನು ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟುತ್ತಾರೆ. ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ವಾಲಿ ರಾಮನನ್ನು ಕೇಳುವಾಗ, ಸಭೆಯಲ್ಲಿ ರಾಮಭಕ್ತರೇ ತುಂಬಿದ್ದರೂ ವಾಲಿಯ ಮಾತಿಗೆ ತಲೆದೂಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಗೆ ಜನ ರಾತ್ರಿಯಿಡೀ ಕಿವಿಗೊಟ್ಟದ್ದು ಇದಕ್ಕಾಗಿ. ಸಾವಿರ ವರ್ಷಗಳ ಹಿಂದೆ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿಕೊಂಡು ಹೋದ. ತನ್ನವರಿಗಾಗಿ ಅತ್ತ ಆ ದೊರೆ ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿದ. ನಾಗಚಂದ್ರನ ರಾವಣ ಪಶ್ಚಾತ್ತಾಪಪಟ್ಟ. ಇಬ್ಬರೂ ಜೈನ ಕವಿಗಳು. ಯಾವ ಸತ್ಯವೂ ಒಂದೇ ಕಡೆಯಿಂದ ಪೂರ್ತಿ ಕಾಣದು ಎನ್ನುವ ಅನೇಕಾಂತದ ನೆರಳಲ್ಲಿ ಬೆಳೆದವರು. ಆ ದುರಂತ ರಾವಣನತ್ತ ಹೊಸಗಾಲದ ಓದುಗರ ಕಣ್ಣು ತಿರುಗಿಸಿದವರು ಬಿ.ಎಂ.ಶ್ರೀ.

ಕಾಶ್ಮೀರದ ಅಭಿನವಗುಪ್ತ, ಖಳನಿಗೂ ಮಿಡಿಯುವ ಈ ಮನಸ್ಸಿನ ಗುಟ್ಟನ್ನು ‘ಸಾಧಾರಣೀಕರಣ’ದಲ್ಲಿ ಕಂಡ. ನಾಟಕ ನೋಡುವವನಲ್ಲಿ ಎಚ್ಚರಗೊಳ್ಳುವ ಭಯವಾಗಲಿ ದುಃಖವಾಗಲಿ ನನ್ನದಲ್ಲ, ನನ್ನ ಶತ್ರುವಿನದಲ್ಲ, ಯಾರೋ ಮೂರನೆಯವನದೂ ಅಲ್ಲ. ಆ ಬೇಲಿಗಳೆಲ್ಲ ಕಳಚಿಬಿದ್ದ ಶುದ್ಧ ಭಾವ ಅದು. ನಿಜಜೀವನದಲ್ಲಿ ಸಿದ್ದ ಎದುರಿಗೆ ಬಂದರೆ ನನಗೆ ನನ್ನ ಸರದ ಚಿಂತೆ. ಕಥೆಯಲ್ಲಿ ನನ್ನ ಕೊರಳಿನ ಭಯವಿಲ್ಲದ್ದರಿಂದ ಅವನ ಮುಖ ನೋಡಲು ಬಿಡುವಿದೆ.

ಆಮೇಲೆ?

ಕಥೆ ಓದಿದರೆ ಮನುಷ್ಯ ಒಳ್ಳೆಯವನಾಗುತ್ತಾನೆಯೇ? 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಡೇವಿಡ್ ಕಿಡ್, ಎಮನ್ಯುಯೆಲೆ ಕಸ್ತಾನೊ ಎಂಬವರ ಅಧ್ಯಯನ ಪ್ರಕಟವಾಯಿತು. ಗಂಭೀರ ಸಾಹಿತ್ಯದ ಕೆಲವೇ ಪುಟ ಓದಿದರೂ ಇನ್ನೊಬ್ಬರ ಮನಸ್ಸನ್ನು ಗ್ರಹಿಸುವ ಶಕ್ತಿ ಒಡನೆಯೇ ಹೆಚ್ಚುತ್ತದೆ ಎಂಬ ಅದರ ಮಾತು ಜಗತ್ತಿನಾದ್ಯಂತ ಸುದ್ದಿಯಾಯಿತು. ಬೇರೆ ಸಂಶೋಧಕರು ಹೆಚ್ಚು ಜನರ ಮೇಲೆ ಅದೇ ಪ್ರಯೋಗ ಮಾಡಿದಾಗ ಆ ಫಲ ಕಾಣಲಿಲ್ಲ. ನನಗೆ ಇದರಿಂದ ನಿರಾಸೆಯಾಗಲಿಲ್ಲ. ಒಂದು ದಿನ ಹೊಲಕ್ಕೆ ನೀರು ಬಿಟ್ಟು ಸಂಜೆಗೆ ತೆನೆ ಎಣಿಸಲು ಹೋಗುವವರಿಲ್ಲ. ಕಥೆ ಕೆಲಸ ಮಾಡುವುದು ವರ್ಷಗಳ ಮೇಲೆ, ಅದೂ ನೋಡಿದ್ದನ್ನು ಯಾರೊಂದಿಗಾದರೂ ಮಾತಾಡಿದರೆ, ಮಾತಾಡಿದ್ದು ಬೇಕಾದ ಹೊತ್ತಿಗೆ ನೆನಪಾದರೆ.

ಆ ಹೊತ್ತು ನನಗೆ ಬಂದದ್ದು ಈಚೆಗೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಗ್ಗೆ ಒಂದು ಫೋಟೊ ಬಂತು. ಮೂರನೇ ಮಹಡಿಯ ಮನೆಯೊಂದರಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲು ಕಾಣೆಯಾಗಿತ್ತು. ಫೋಟೊದಲ್ಲಿದ್ದವಳು ಅಲ್ಲಿ ಮನೆಗೆಲಸ ಮಾಡುವ ಹುಡುಗಿ. ಇವಳನ್ನು ಯಾರೂ ಮನೆಗೆ ಸೇರಿಸಬೇಡಿ ಎಂದು ಕೆಳಗೆ ಬರೆದಿತ್ತು. ಹಿಂದಿನ ದಿನ ಅವಳು ಹೇಳದೆ ಕೇಳದೆ ಬೇಗ ಹೊರಟಿದ್ದಳಂತೆ. ಅದೇ ಸಾಕ್ಷಿ. ಒಬ್ಬರ ಹಿಂದೆ ಒಬ್ಬರು ಹೆಬ್ಬೆರಳಿನ ಗುರುತು ಒತ್ತಿ ಒಪ್ಪಿಗೆ ಕೊಡುತ್ತಿದ್ದರು. ನನ್ನ ಹೆಬ್ಬೆರಳೂ ಪರದೆಯ ಹತ್ತಿರ ಹೋಗಿತ್ತು. ಅಲ್ಲಿಯೇ ನಿಂತಿತು. ಕಣ್ಣಿಗೆ ಕಟ್ಟಿದ್ದು ಹುಣಸೆಹಣ್ಣಿನ ಭರಣಿ, ಅದರೊಳಗೆ ಇಳಿಯುತ್ತಿರುವ ತಾಯಿಯ ಕೈ.

“ಮನೆಯಲ್ಲೆಲ್ಲ ಹುಡುಕಿದಿರಾ? ಅವಳನ್ನು ಕೂರಿಸಿಕೊಂಡು ಕೇಳಿದಿರಾ? ದಯವಿಟ್ಟು ಫೋಟೊ ತೆಗೆಯಿರಿ” ಎಂದು ಬರೆದೆ. ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋಟೊ ಅಳಿಸಿಹೋಗಿತ್ತು. ಆದರೆ ಅಷ್ಟರಲ್ಲಿ ಅದನ್ನು ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಬಟ್ಟಲು ಸಿಕ್ಕಿತೋ ಇಲ್ಲವೋ ಆ ಮನೆಯವರು ಹೇಳಲಿಲ್ಲ. ಅವಳೇ ತೆಗೆದಿದ್ದಳೋ ಏನೋ, ಅದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದಷ್ಟೇ ಆ ಬೆಳಗ್ಗೆ ನಮ್ಮೆಲ್ಲರ ಬಳಿ ಇದ್ದ ಸತ್ಯ. ಅದನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಬರೆದಿದ್ದೆವು.

ರಾತ್ರಿ ಊಟದ ಹೊತ್ತಿಗೆ ಅಮ್ಮನಿಗೆ ಇದೆಲ್ಲ ಹೇಳಿದೆ. ಅಮ್ಮ ಮಜ್ಜಿಗೆ ಬಡಿಸುತ್ತಾ ಪೂರ್ತಿ ಕೇಳಿಸಿಕೊಂಡರು. ನಾನು ಗುಂಪಿನಲ್ಲಿ ಹಾಗೆ ಬರೆದದ್ದಕ್ಕೆ ಒಳ್ಳೆಯದಾಯಿತೆಂದೂ ಅನ್ನಲಿಲ್ಲ.

“ಆ ಹುಡುಗಿ ನಾಳೆಯಿಂದ ಎಲ್ಲಿಗೆ ಹೋಗ್ತಾಳೇ?” ಎಂದರು.

ಮಾರನೆಯ ದಿನ ಅವಳು ಬರಲಿಲ್ಲ. ಲಿಫ್ಟಿನ ಮುಂದೆ ನಿಂತಾಗಲೆಲ್ಲ ನಾನು ಅವಳು ಬರುತ್ತಿದ್ದ ಮೆಟ್ಟಿಲಿನ ಕಡೆ ನೋಡುತ್ತೇನೆ. ಅಮ್ಮನ ಪ್ರಶ್ನೆಗೆ ನನ್ನ ಬಳಿ ಇನ್ನೂ ಉತ್ತರವಿಲ್ಲ.